ಅರ್ಜಿಯ ಆಚೆ ಬದಿಯಲ್ಲಿ ಕುಳಿತವರು

(ಗುಡಗೇರಿಯ ಯುವಕರು ಕರೆದಿದ್ದ ವೃತ್ತಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



  

ವೃತ್ತಿ ಮಾರ್ಗದರ್ಶನದ ಸಭೆಯೆಂದರೆ ವೈದ್ಯಕೀಯ, ಇಂಜಿನಿಯರಿಂಗ್ ಮತ್ತು ಐ.ಎ.ಎಸ್. ಎಂಬ ಮೂರು ಮಾತುಗಳನ್ನು ಹೇಳಿ ಇಳಿದು ಹೋಗುವುದು ರೂಢಿ. ಸಾಚಾರ್ ಸಮಿತಿ 2006ರಲ್ಲಿ ವರದಿ ಕೊಟ್ಟಂದಿನಿಂದ ನಮ್ಮ ವೇದಿಕೆಗಳಲ್ಲಿ ಈ ಮೂರು ಮಾತುಗಳು ಮತ್ತಷ್ಟು ಗಟ್ಟಿಯಾಗಿ ಕೇಳಿಸುತ್ತಿವೆ. ಅವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಇಂದು ತಮ್ಮಲ್ಲಿ ಹೆಚ್ಚಿನವರು ಹೆಸರನ್ನೇ ಕೇಳಿರದ ಒಂದು ಕೆಲಸದ ಕುರಿತು ಮಾತನಾಡಲು ಬಂದಿದ್ದೇವೆ. ಇಂಗ್ಲಿಷಿನಲ್ಲಿ ಅದನ್ನು ಮಾಡುವವರಿಗೆ ಅಂಡರ್‌ರೈಟರ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಬಳಕೆಯ ಮಾತಿಲ್ಲ. ವಿಮೆ ಕೋರಿ ಬಂದ ಅರ್ಜಿಯನ್ನು ಓದಿ ಒಪ್ಪಬೇಕೇ ಬೇಡವೇ, ಒಪ್ಪುವುದಾದರೆ ಎಷ್ಟು ಕಂತಿಗೆ, ಯಾವ ಷರತ್ತಿಗೆ ಎಂದು ತೀರ್ಮಾನಿಸುವವರು ಅವರು. ಲಂಡನ್ನಿನ ಎಡ್ವರ್ಡ್ ಲಾಯ್ಡ್ ಎಂಬವರ ಕಾಫಿ ಅಂಗಡಿಯಲ್ಲಿ ಹಡಗಿನ ಸರಕಿನ ವಿವರ ಬರೆದ ಕಾಗದದ ಕೆಳಗೆ, ಇಷ್ಟು ನಷ್ಟವನ್ನು ನಾನು ಹೊರುತ್ತೇನೆಂದು ವರ್ತಕರು ಸಹಿ ಹಾಕುತ್ತಿದ್ದರಂತೆ. ಕೆಳಗೆ ಬರೆಯುವವರು ಎಂಬ ಹೆಸರು ಅಲ್ಲಿಂದ ಬಂತು.

ನಮ್ಮ ಮನೆಗೆ ಈ ಕೆಲಸದ ಪರಿಚಯ ಆದದ್ದು ಸಂತೋಷದ ದಾರಿಯಿಂದಲ್ಲ.

2009ರಲ್ಲಿ ನಮ್ಮ ಮಾಮು ಒಂದು ಜೀವ ವಿಮಾ ಪಾಲಿಸಿ ಮಾಡಿಸಿದರು. ಅವರು ಲಾರಿ ಚಾಲಕರು. ನಾವು ಆಗಷ್ಟೇ ಮದ್ರಸಾ ಮುಗಿಸಿ ಊರಿಗೆ ಬಂದಿದ್ದೆವು. ಮನೆಯಲ್ಲಿ ಅಕ್ಷರಸ್ಥರೆಂದರೆ ನಾವೇ. ಏಜೆಂಟರು ತಂದ ಅರ್ಜಿ ಇಂಗ್ಲಿಷಿನಲ್ಲಿತ್ತು. ನಮಗೆ ಅರಬಿ ಬರುತ್ತಿತ್ತು, ಉರ್ದು ಬರುತ್ತಿತ್ತು, ಕನ್ನಡ ಬರುತ್ತಿತ್ತು. ಇಂಗ್ಲಿಷ್ ಮಾತ್ರ ಅಕ್ಷರ ಕೂಡಿಸಿ ಓದುವಷ್ಟೇ ಇತ್ತು. ಏಜೆಂಟರು ಒಂದು ಪುಟ ತೋರಿಸಿ, "ಇಲ್ಲೆಲ್ಲ ನೋ ಅಂತ ಬರೀರಿ, ಸಾಕು" ಎಂದರು. ಮಾಮುವಿಗೆ ನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು, ಬೆಳಿಗ್ಗೆ ಒಂದು, ರಾತ್ರಿ ಒಂದು ಗುಳಿಗೆ ನುಂಗುತ್ತಿದ್ದರು. ಇದು ನಮಗೆ ಗೊತ್ತಿತ್ತು. ಆ ಪುಟದಲ್ಲಿ ಕೇಳಿದ್ದು ಅದನ್ನೇ ಎಂಬುದು ಗೊತ್ತಿರಲಿಲ್ಲ. ಅಥವಾ, ಇಷ್ಟು ವರ್ಷಗಳ ನಂತರ ಪ್ರಾಮಾಣಿಕವಾಗಿ ಹೇಳುವುದಾದರೆ, ಗೊತ್ತು ಮಾಡಿಕೊಳ್ಳುವ ಶ್ರಮವನ್ನು ನಾವು ತೆಗೆದುಕೊಳ್ಳಲಿಲ್ಲ. ಸಾಲಾಗಿ 'ನೋ' ಬರೆದೆವು. ಮಾಮು ಹೆಬ್ಬೆಟ್ಟು ಒತ್ತಿದರು.

ಹದಿನಾಲ್ಕು ತಿಂಗಳಿಗೆ ಅವರು ತೀರಿಕೊಂಡರು. ಹೃದಯಾಘಾತ. ಪರಿಹಾರಕ್ಕಾಗಿ ಕಾಗದ ಕೊಟ್ಟ ಮೇಲೆ ತನಿಖೆಗೆ ಒಬ್ಬರು ಬಂದರು, ಔಷಧಿ ಅಂಗಡಿಗೂ ಹೋದರು, ಆಸ್ಪತ್ರೆಗೂ ಹೋದರು. ಕೆಲವು ತಿಂಗಳ ನಂತರ ಪತ್ರ ಬಂತು. ಮುಖ್ಯ ಸಂಗತಿಯನ್ನು ಮುಚ್ಚಿಟ್ಟ ಕಾರಣ ಹಣ ಕೊಡಲು ಬರುವುದಿಲ್ಲ ಎಂಬುದು ಅದರ ಸಾರ. ಅದನ್ನು ಮಾಮಿಗೆ ಓದಿ ಹೇಳಬೇಕಾದವರೂ ನಾವೇ. ಅವರು ಏನೂ ಅನ್ನಲಿಲ್ಲ. "ಬೇಟಾ, ಅದನ್ನು ಬರೆದವನು ನೀನೇ ಅಲ್ಲವೇ?" ಎಂದು ಕೇಳಿದ್ದರೆ ನಮ್ಮ ಎದೆ ಹಗುರಾಗುತ್ತಿತ್ತು. ಅವರು ಇಂದಿಗೂ ಕೇಳಿಲ್ಲ.

ಆಗ ನಾವು ಸಂಸ್ಥೆಯನ್ನು ಬೈದೆವು, ಏಜೆಂಟರನ್ನು ಬೈದೆವು. ಆಮೇಲೆ ಬಿ.ಎ. ಓದುವಾಗ ಇಂಗ್ಲಿಷ್ ಕೈಗೆ ಬಂದು, ಈ ವಿದ್ಯೆಯ ಪುಸ್ತಕವೊಂದು ಕಣ್ಣಿಗೆ ಬಿದ್ದಾಗ ನಮಗೆ ತಿಳಿದದ್ದು ಬೇರೆಯೇ. ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆಯವರಿಗೆ ವಿಮೆ ಸಿಗುವುದೇ ಇಲ್ಲವೆಂದೇನಿಲ್ಲ. ನಿಜ ಬರೆದಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಸ್ವಲ್ಪ ಹೆಚ್ಚು ಕಂತು ಹಾಕಿ ಒಪ್ಪಿಕೊಳ್ಳುವ ಸಾಧ್ಯತೆ ಇತ್ತು. ಸುಳ್ಳಿನಿಂದ ಉಳಿದದ್ದು ಕಂತಿನ ಆ ಸ್ವಲ್ಪ ಹೆಚ್ಚಳ, ಹೋದದ್ದು ಪೂರ್ತಿ ಮೊತ್ತ.

ಮದ್ರಸಾದಲ್ಲಿ ವ್ಯಾಪಾರದ ಅಧ್ಯಾಯ ಓದಿದವರಿಗೆ ಇದು ಹೊಸ ಮಾತಲ್ಲ. ಸರಕಿನ ದೋಷವನ್ನು ತಿಳಿಸದೆ ಮಾರಿದರೆ ಕೊಂಡವನಿಗೆ ಹಿಂತಿರುಗಿಸುವ ಹಕ್ಕು ಇದೆಯೆಂದು ನಾವು ಬಾಯಿಪಾಠ ಮಾಡಿದ್ದೆವು. ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈ ಹಾಕಿ ಅಡಿಯಲ್ಲಿದ್ದ ತೇವವನ್ನು ಬಯಲು ಮಾಡಿದ ಪ್ರಸಂಗ ತಮಗೆಲ್ಲ ತಿಳಿದಿದೆ. ಕುರ್‌ಆನಿನ ಅತಿ ದೀರ್ಘ ವಚನ ನಮಾಝಿನ ಕುರಿತಾಗಲಿ ಉಪವಾಸದ ಕುರಿತಾಗಲಿ ಇರುವುದಲ್ಲ, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ. ಬರೆಯುವವನು ನ್ಯಾಯದಿಂದ ಬರೆಯಬೇಕೆಂದು ಅಲ್ಲಿ ತಾಕೀತಿದೆ. ಅದನ್ನು ಕಂಠಪಾಠ ಮಾಡಿದ ಕೈಯೇ ಆ ದಿನ ಸಾಲಾಗಿ 'ನೋ' ಬರೆದಿತ್ತು.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. 1938ರ ವಿಮಾ ಕಾಯ್ದೆಯ 45ನೇ ಕಲಮಿಗೆ 2015ರಲ್ಲಿ ತಿದ್ದುಪಡಿಯಾಯಿತು. ಜೀವ ವಿಮಾ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ಮೂರು ವರ್ಷದೊಳಗಾದರೆ ಪ್ರಶ್ನಿಸಬಹುದು. ಆದರೆ ವಂಚನೆಯಲ್ಲದ ತಪ್ಪು ಹೇಳಿಕೆಯ ಕಾರಣಕ್ಕೆ ತಿರಸ್ಕರಿಸಿದರೆ ಕಟ್ಟಿದ ಕಂತುಗಳನ್ನು ಹಿಂದಿರುಗಿಸಬೇಕು. ಮೂರು ವರ್ಷ ದಾಟಿಸಿದರಾಯಿತು ಎಂದು ಲೆಕ್ಕ ಹಾಕುವವರಿಗೆ ನಾವು ಹೇಳುವುದಿಷ್ಟೇ: ಮರಣ ಪಂಚಾಂಗ ನೋಡಿ ಬರುವುದಿಲ್ಲ.

ಈಗ ಈ ಕೆಲಸ ಹೇಗೆ ನಡೆಯುತ್ತದೆಂದು ನೋಡೋಣ. ಅಂಡರ್‌ರೈಟರನ ಮೇಜಿನ ಮೇಲೆ ಅರ್ಜಿ, ವಯಸ್ಸಿನ ದಾಖಲೆ, ಆದಾಯದ ಪುರಾವೆ, ವೈದ್ಯರ ವರದಿ, ಏಜೆಂಟರ ಗೌಪ್ಯ ವರದಿ ಇರುತ್ತವೆ. ತೂಕ, ರಕ್ತದೊತ್ತಡ, ತಂದೆ ತಾಯಿ ಎಷ್ಟನೇ ವಯಸ್ಸಿನಲ್ಲಿ ಯಾವ ಕಾಯಿಲೆಯಿಂದ ತೀರಿದರು, ಕೆಲಸ ಯಾವುದು, ತಂಬಾಕಿನ ಅಭ್ಯಾಸ ಇದೆಯೇ, ಎಲ್ಲವನ್ನೂ ತೂಗಬೇಕು. ಅಮೆರಿಕದ ನ್ಯೂಯಾರ್ಕ್ ಲೈಫ್ ಸಂಸ್ಥೆಯ ಆಸ್ಕರ್ ರೋಜರ್ಸ್ ಎಂಬ ವೈದ್ಯರೂ ಆರ್ಥರ್ ಹಂಟರ್ ಎಂಬ ಗಣಿತಜ್ಞರೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದಕ್ಕೊಂದು ಅಂಕಪದ್ಧತಿ ಕಟ್ಟಿದರು. ಸಾಮಾನ್ಯ ಆರೋಗ್ಯದವನಿಗೆ 100 ಅಂಕ. ಸ್ಥೂಲಕಾಯಕ್ಕೆ ಇಷ್ಟು ಕೂಡಿಸು, ಒಳ್ಳೆಯ ವಂಶಚರಿತ್ರೆಗೆ ಇಷ್ಟು ಕಳೆ. ಮೊತ್ತ ಒಂದು ಮಿತಿಯೊಳಗಿದ್ದರೆ ಸಾಮಾನ್ಯ ಕಂತು, ಅದನ್ನು ದಾಟಿದರೆ ಹೆಚ್ಚುವರಿ, ತೀರಾ ದಾಟಿದರೆ ನಿರಾಕರಣೆ. ಇಂದು ಕಂಪ್ಯೂಟರು ಈ ಲೆಕ್ಕವನ್ನು ಕ್ಷಣದಲ್ಲಿ ಮಾಡುತ್ತದೆ, ಆದರೆ ಲೆಕ್ಕದ ಬುಡ ಅದೇ. ಕಂಪ್ಯೂಟರಿಗೆ ಒಗ್ಗದ ಅರ್ಜಿಗಳು ಮನುಷ್ಯನ ಮೇಜಿಗೆ ಬರುತ್ತವೆ. ಯಾರ ಅರ್ಜಿಗಳು ಒಗ್ಗುವುದಿಲ್ಲ? ಸಂಬಳದ ಚೀಟಿ ಇಲ್ಲದವರ, ಶಾಲೆಯ ದಾಖಲೆ ಇಲ್ಲದವರ, ಪ್ರತಿ ವರ್ಷ ಆದಾಯ ಬದಲಾಗುವವರ ಅರ್ಜಿಗಳು. ಅಂದರೆ ಈ ಸಭೆಯಲ್ಲಿ ಕುಳಿತ ರೈತರ, ಹಮಾಲರ, ಗ್ಯಾರೇಜಿನವರ, ಮೆಣಸಿನಕಾಯಿ ವ್ಯಾಪಾರಿಗಳ ಅರ್ಜಿಗಳು.

ಆದ್ದರಿಂದ ಆ ಮೇಜಿನ ಹಿಂದೆ ಯಾರು ಕುಳಿತಿದ್ದಾರೆ ಎಂಬ ಪ್ರಶ್ನೆ ಸಣ್ಣದಲ್ಲ. ಚರಿತ್ರೆ ಇದನ್ನು ಸ್ಪಷ್ಟವಾಗಿ ತೋರಿಸಿದೆ. 1818ರಲ್ಲಿ ಕಲ್ಕತ್ತೆಯಲ್ಲಿ ಓರಿಯೆಂಟಲ್ ಲೈಫ್ ಎಂಬ ಸಂಸ್ಥೆ ಹುಟ್ಟಿದ್ದು ಐರೋಪ್ಯರಿಗಾಗಿ. ಆ ಕಾಲದ ವಿದೇಶೀ ಸಂಸ್ಥೆಗಳು ಭಾರತೀಯರ ಜೀವಕ್ಕೆ ವಿಮೆ ಮಾಡುತ್ತಿರಲಿಲ್ಲ. ಮುಂದೆ ಮಾಡತೊಡಗಿದಾಗಲೂ ಭಾರತೀಯನ ಜೀವ ಕೆಳದರ್ಜೆಯದೆಂದು ಬಗೆದು ಹೆಚ್ಚು ಕಂತು ವಸೂಲು ಮಾಡಿದವು. ಐರೋಪ್ಯನಿಗೂ ಭಾರತೀಯನಿಗೂ ಒಂದೇ ದರ ಎಂದದ್ದು 1870-71ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಬಾಂಬೆ ಮ್ಯೂಚುವಲ್ ಸಂಸ್ಥೆ. ನಮ್ಮದೇ ನಾಡಿನ ಮೈಸೂರು ಸಂಸ್ಥಾನವು 1891ರಲ್ಲಿ ತನ್ನ ನೌಕರರಿಗಾಗಿ ಜೀವ ವಿಮೆ ಆರಂಭಿಸಿತು. ಇಂದಿನ ಕರ್ನಾಟಕ ಸರಕಾರಿ ವಿಮಾ ಇಲಾಖೆಯ ಬೇರು ಅಲ್ಲಿದೆ. ಗುಡಗೇರಿ ಅಂದು ಮೈಸೂರಿಗೆ ಸೇರಿರಲಿಲ್ಲವಾದ್ದರಿಂದ ಇಲ್ಲಿಯ ಅಜ್ಜಂದಿರಿಗೆ ಆ ಭಾಗ್ಯ ಇರಲಿಲ್ಲ.

ಅಮೆರಿಕದ ಉದಾಹರಣೆ ಇನ್ನೂ ಕಟುವಾದುದು. 1881ರಲ್ಲಿ ಪ್ರುಡೆನ್ಷಿಯಲ್ ಎಂಬ ದೊಡ್ಡ ಸಂಸ್ಥೆ ಕರಿಯರಿಗೆ ಕೊಡುವ ಪರಿಹಾರವನ್ನು ಮೂರನೇ ಒಂದು ಭಾಗ ಕಡಿತ ಮಾಡಿತು. ಕಂತು ಮಾತ್ರ ಬಿಳಿಯರು ಕಟ್ಟುವಷ್ಟೇ. 1896ರಲ್ಲಿ ಅದೇ ಸಂಸ್ಥೆಯ ಅಂಕಿಅಂಶ ತಜ್ಞ ಫ್ರೆಡರಿಕ್ ಹಾಫ್‌ಮನ್ ಒಂದು ಪುಸ್ತಕ ಬರೆದು, ಕರಿಯರ ಹೆಚ್ಚಿನ ಸಾವಿಗೆ ಅವರ ಜನಾಂಗದ ಗುಣವೇ ಕಾರಣವೆಂದು ವಾದಿಸಿದ. ಬಡತನ, ಇಕ್ಕಟ್ಟಿನ ಮನೆ, ವೈದ್ಯರ ಅಭಾವ ಇವು ಅವನ ಲೆಕ್ಕಕ್ಕೆ ಬರಲಿಲ್ಲ. ಅಂಕಿಗಳು ಸುಳ್ಳಾಗಿರಲಿಲ್ಲ, ಓದಿದ ಕಣ್ಣು ವಕ್ರವಾಗಿತ್ತು. ಅದಕ್ಕೆ ಕರಿಯರು ಕೊಟ್ಟ ಉತ್ತರವೇನು? 1898ರಲ್ಲಿ ಡರ್ಹಮ್ ಎಂಬ ಊರಿನಲ್ಲಿ, ಗುಲಾಮಗಿರಿಯಲ್ಲಿ ಹುಟ್ಟಿ ಕ್ಷೌರಿಕ ವೃತ್ತಿಯಿಂದ ಮೇಲೆ ಬಂದ ಜಾನ್ ಮೆರಿಕ್, ಆರನ್ ಮೂರ್ ಎಂಬ ವೈದ್ಯ ಮೊದಲಾದವರು ಸೇರಿ ನಾರ್ತ್ ಕೆರೊಲಿನಾ ಮ್ಯೂಚುವಲ್ ಎಂಬ ತಮ್ಮದೇ ವಿಮಾ ಸಂಸ್ಥೆ ಕಟ್ಟಿದರು. ಅರ್ಜಿಯ ಆಚೆ ಬದಿಯಲ್ಲಿ ತಮ್ಮವರನ್ನು ಕೂರಿಸಿದರು. ಆ ಸಂಸ್ಥೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಬಾಳಿತು. ಕೊನೆಗಾಲದಲ್ಲಿ ನಷ್ಟಕ್ಕೆ ಸಿಲುಕಿ ಮುಚ್ಚಿತು ಎಂಬುದನ್ನೂ ಹೇಳಬೇಕು, ಸಮುದಾಯದ ಹೆಸರು ಲೆಕ್ಕದ ತಪ್ಪನ್ನು ಕಾಯುವುದಿಲ್ಲ.

ಭಾರತದಲ್ಲಿ 1956ರಲ್ಲಿ 245 ಸಂಸ್ಥೆಗಳನ್ನು ಒಗ್ಗೂಡಿಸಿ ಭಾರತೀಯ ಜೀವ ವಿಮಾ ನಿಗಮ ಹುಟ್ಟಿತು. ಹಳ್ಳಿಗೆ ವಿಮೆ ತಂದ ಕೀರ್ತಿ ನಿಗಮಕ್ಕೆ ಸಲ್ಲಬೇಕು. ಆದರೆ ಕಡಿಮೆ ಕಂತಿನ ಒಂದು ಅವಧಿ ಪಾಲಿಸಿಯನ್ನು ಅದು ಸರಕಾರಿ, ಅರೆಸರಕಾರಿ ಹಾಗೂ ಹೆಸರಾಂತ ವಾಣಿಜ್ಯ ಸಂಸ್ಥೆಗಳ ಸಂಬಳದಾರರಿಗೆ ಮಾತ್ರ ಮೀಸಲಿಟ್ಟಿತ್ತು. 1995ರಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನು ಸಂವಿಧಾನ ವಿರೋಧಿ ಎಂದು ಸಾರಿತು. ರೈತ, ಕೂಲಿಕಾರ, ಸ್ವಂತ ದುಡಿಮೆಯವನು ಬಾಗಿಲ ಹೊರಗೆ ನಿಲ್ಲಬಾರದು ಎಂಬುದು ಅದರ ಇಂಗಿತ. ಹೆಣ್ಣುಮಕ್ಕಳನ್ನು ಸ್ವಂತ ದುಡಿಮೆ ಇರುವವರು, ದುಡಿಯದಿದ್ದರೂ ಆದಾಯ ಇರುವವರು, ಆದಾಯವೇ ಇಲ್ಲದವರು ಎಂದು ಮೂರು ವರ್ಗ ಮಾಡಿ, ಮೂರನೆಯ ವರ್ಗಕ್ಕೆ ಮಿತಿಗಳನ್ನು ಹಾಕುವ ಪದ್ಧತಿಯೂ ಬಹುಕಾಲ ನಡೆದು ಬಂತು. ಬೆಳಗಿನಿಂದ ರಾತ್ರಿವರೆಗೆ ಹೊಲದಲ್ಲಿ ಶೇಂಗಾ ಕಿತ್ತು, ಮನೆಗೆ ಬಂದು ರೊಟ್ಟಿ ಬಡಿಯುವ ತಾಯಿಯನ್ನು ಆದಾಯವೇ ಇಲ್ಲದವಳೆಂದು ಬರೆಯುವಾಗ ಆ ಲೇಖನಿ ಒಂದು ಕ್ಷಣವಾದರೂ ತಡೆಯಬೇಕಲ್ಲವೇ? ಹೊಲ ನೋಡಿದವರು ಆ ಮೇಜಿನಲ್ಲಿದ್ದರೆ ತಡೆದೀತು.

ಅಂಗವೈಕಲ್ಯದ ವಿಮೆಯಲ್ಲಿ ಈ ಮಾತು ಇನ್ನೂ ನಿಜ. ಸಾವು ಎಲ್ಲರಿಗೂ ಒಂದೇ. ಆದರೆ ಒಂದು ಹೆಬ್ಬೆರಳು ಹೋದರೆ ದರ್ಜಿಗೆ ಆಗುವ ನಷ್ಟ ಮೌಲವಿಗೆ ಆಗುವುದಿಲ್ಲ, ಮುಅದ್ದಿನನ ಕಂಠ ಹೋದರೆ ಆಗುವ ನಷ್ಟ ದರ್ಜಿಗೆ ಆಗುವುದಿಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಹೆಬ್ಬೆರಳಿಗೆ ನೂರಕ್ಕೆ 30, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ 40 ಎಂದು ಗಳಿಕೆಯ ನಷ್ಟವನ್ನು ಗುರುತಿಸಲಾಗಿತ್ತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಸ್ಥಾನಕ್ಕೆ ಸಾಮಾಜಿಕ ಸುರಕ್ಷಾ ಸಂಹಿತೆ ಬಂದಿದೆ. ಇಂಥ ಪಟ್ಟಿ ಬೇಕೇಬೇಕು, ಆದರೆ ಪಟ್ಟಿಯೇ ಸಾಲದು. ಒಬ್ಬ ಬಡಗಿಯ ಎಡಗೈಯನ್ನು ಮೊಣಕೈಗಿಂತ ಮೇಲಕ್ಕೆ ಕತ್ತರಿಸಬೇಕಾಯಿತು. ಮಾಲಿಕರು ಅದು ಭಾಗಶಃ ವೈಕಲ್ಯ ಮಾತ್ರ ಎಂದು ವಾದಿಸಿದರು. 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು: ಒಂದು ಕೈಯಿಂದ ಬಡಗಿಯ ಕೆಲಸ ಮಾಡಲಾಗದು, ಆದ್ದರಿಂದ ಇದು ಪೂರ್ಣ ವೈಕಲ್ಯ. 2010ರ ಇನ್ನೊಂದು ತೀರ್ಪಿನಲ್ಲಿ, ದೇಹಕ್ಕೆ ಎಷ್ಟು ಊನ ಎಂಬುದೂ ದುಡಿಮೆಗೆ ಎಷ್ಟು ಊನ ಎಂಬುದೂ ಬೇರೆ ಬೇರೆ ಎಂದು ಅದೇ ನ್ಯಾಯಾಲಯ ಬಿಡಿಸಿ ಹೇಳಿತು.

ವಿಮಾ ಪಾಲಿಸಿಗಳಲ್ಲಿ ಇದೇ ಸಮಸ್ಯೆ ಎರಡು ಮಾತುಗಳಲ್ಲಿ ಅಡಗಿದೆ. 'ತನ್ನ ವೃತ್ತಿಯನ್ನು ಮಾಡಲಾಗದಿದ್ದರೆ' ಎಂದಿದೆಯೋ, 'ಯಾವ ವೃತ್ತಿಯನ್ನೂ ಮಾಡಲಾಗದಿದ್ದರೆ' ಎಂದಿದೆಯೋ ಎಂಬುದನ್ನು ಓದಬೇಕು. ಮೊದಲನೆಯದಾದರೆ ಒಂದು ಕಣ್ಣು ಕಳೆದುಕೊಂಡು ಲೈಸೆನ್ಸ್ ಹೋದ ಲಾರಿ ಚಾಲಕನಿಗೆ ಹಣ ಬರುತ್ತದೆ. ಎರಡನೆಯದಾದರೆ, ನೀನು ಕಾವಲುಗಾರನಾಗಬಹುದಲ್ಲ ಎಂಬ ಉತ್ತರ ಬರುತ್ತದೆ. ನಮ್ಮ ದೇಶದ ಅನೇಕ ಪಾಲಿಸಿಗಳಲ್ಲಿ ಅಪಘಾತದ ಅಂಗವೈಕಲ್ಯವೆಂದರೆ ಎರಡೂ ಕಣ್ಣು, ಎರಡೂ ಕೈ, ಎರಡೂ ಕಾಲು, ಇಲ್ಲವೇ ಒಂದು ಕೈ ಒಂದು ಕಾಲು ಹೋಗಿರಬೇಕು. ರಾಶಿ ಮಾಡುವ ಯಂತ್ರಕ್ಕೆ ಒಂದೇ ಕೈ ಕೊಟ್ಟವನು ಇದರಲ್ಲಿ ಎಲ್ಲಿ ಬರುತ್ತಾನೆ? 2015ರ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅವನಿಗೆ 1 ಲಕ್ಷ ರೂಪಾಯಿ ಇದೆ, ವರ್ಷದ ಕಂತು 20 ರೂಪಾಯಿ. ಆರೋಗ್ಯದ ಪ್ರಶ್ನೆಗಳಿಲ್ಲ, ಎಲ್ಲರಿಗೂ ಒಂದೇ ಕಂತು. ಬ್ಯಾಂಕಿನ ಖಾತೆಯಿದ್ದೂ ಅದಕ್ಕೆ ಸೇರದವರು ನಾಳೆಯೇ ಬ್ಯಾಂಕಿಗೆ ಹೋಗಬೇಕೆಂದು ಕೋರುತ್ತೇವೆ. ಆದರೆ ಕೈ ಕಳೆದುಕೊಂಡವನ ಮುಂದಿನ ಮೂವತ್ತು ವರ್ಷಗಳಿಗೆ ಒಂದು ಲಕ್ಷ ಏನು ಮಾಡೀತು?

ಈಗಾಗಲೇ ಅಂಗವಿಕಲರಾದವರ ಪಾಡು ಇನ್ನೊಂದು. ಅವರ ಅರ್ಜಿಗಳನ್ನು ನೋಡದೆಯೇ ತಳ್ಳುವ ಅಭ್ಯಾಸಕ್ಕೆ 2022ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಛೀಮಾರಿ ಹಾಕಿತು. 2023ರ ಫೆಬ್ರವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಅಂಗವಿಕಲರಿಗೆ, ಎಚ್.ಐ.ವಿ. ಬಾಧಿತರಿಗೆ, ಮಾನಸಿಕ ಕಾಯಿಲೆಯವರಿಗೆ ಆರೋಗ್ಯ ವಿಮೆ ಒದಗಿಸಲೇಬೇಕೆಂದು ಆದೇಶಿಸಿತು. ಆದೇಶ ಬಂತು, ನಿಜ. ಅದನ್ನು ಅರ್ಜಿಯ ಮೇಲೆ ಜಾರಿಗೆ ತರುವ ಕೈಗಳು ಬೇಕು.

ಇಲ್ಲಿ ಕೆಲವರು ಮನಸ್ಸಿನಲ್ಲೇ ಕೇಳುತ್ತಿರುವ ಪ್ರಶ್ನೆಯಿಂದ ನಾವು ತಪ್ಪಿಸಿಕೊಳ್ಳುವುದಿಲ್ಲ. ಇದು ಹಲಾಲೇ? ಬಡ್ಡಿ, ಅನಿಶ್ಚಿತತೆ, ಜೂಜು ಎಂಬ ಮೂರು ಆಕ್ಷೇಪಗಳು ವಿಮೆಯ ಮೇಲಿವೆ. 1985ರ ಡಿಸೆಂಬರಿನಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ, ನಿಗದಿತ ಕಂತಿನ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದೂ ಪರಸ್ಪರ ಸಹಕಾರದ ವಿಮೆಯನ್ನು ಸಮ್ಮತವೆಂದೂ ತೀರ್ಮಾನಿಸಿತು. ಸುಡಾನಿನಲ್ಲಿ 1979ರಲ್ಲೇ ಅಂಥ ಸಂಸ್ಥೆ ಹುಟ್ಟಿತ್ತು, ಮಲೇಷ್ಯಾ 1984ರಲ್ಲಿ ತಕಾಫುಲ್ ಕಾಯ್ದೆ ಮಾಡಿತು. ಭಾರತದಲ್ಲಿ ಅದಿಲ್ಲ. ಇಲ್ಲಿಯ ಉಲಮಾಗಳಲ್ಲಿ ಕೆಲವರು, ಗಲಭೆಗಳಲ್ಲಿ ಅಂಗಡಿ ಮುಂಗಟ್ಟು ಸುಟ್ಟು ಹೋಗುವ ನಾಡಿನಲ್ಲಿ ಅನಿವಾರ್ಯತೆಯ ನೆಲೆಯಿಂದ ವಿಮೆಗೆ ಅನುಮತಿ ಇದೆಯೆಂದರು. ಅನೇಕರು ಇಂದಿಗೂ ಒಪ್ಪುವುದಿಲ್ಲ, ಅವರ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇಲ್ಲಿ ಫತ್ವಾ ಕೊಡಲು ನಾವು ಬಂದಿಲ್ಲ. ತಮ್ಮ ಮನಸ್ಸು ಒಪ್ಪುವ ಆಲಿಮರನ್ನು ಕೇಳಿರಿ. ಆದರೆ ಒಂದು ಮಾತನ್ನು ಅವರ ಮುಂದೆಯೂ ಇಡಿ. ನಾಳೆ ಇಲ್ಲಿ ತಕಾಫುಲ್ ಬಂದರೂ ಅದರ ನಿಧಿಗೆ ಯಾರು ಎಷ್ಟು ಕೊಡಬೇಕೆಂದು ತೂಗುವವರು ಬೇಕು. ನಲವತ್ತು ವರ್ಷಗಳಿಂದ ತಕಾಫುಲ್ ಬೇಕೆಂದು ಭಾಷಣ ಮಾಡುತ್ತ ಬಂದ ನಾವು, ಅದನ್ನು ನಡೆಸಬಲ್ಲ ಎಷ್ಟು ಮಂದಿಯನ್ನು ತಯಾರು ಮಾಡಿದ್ದೇವೆ? ಲಾರಿಗೆ ಕಡ್ಡಾಯ ವಿಮೆ ಮಾಡಿಸುವಾಗ ಕೇಳದ ಪ್ರಶ್ನೆಯನ್ನು ಮಕ್ಕಳು ಆ ವಿದ್ಯೆ ಕಲಿಯುವಾಗ ಮಾತ್ರ ಕೇಳುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ಇನ್ನು ದಾರಿ. ಮುಂಬಯಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಭಾರತೀಯ ವಿಮಾ ಸಂಸ್ಥಾನ, ಇಂಗ್ಲಿಷಿನಲ್ಲಿ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ, ಈ ಪರೀಕ್ಷೆಗಳನ್ನು ನಡೆಸುತ್ತದೆ. ಲೈಸೆನ್ಷಿಯೇಟ್, ಅಸೋಸಿಯೇಟ್, ಫೆಲೋ ಎಂದು ಮೂರು ಮೆಟ್ಟಿಲು. ಪಿಯುಸಿ ಪಾಸಾದವರು ಮೊದಲ ಮೆಟ್ಟಿಲು ಹತ್ತಬಹುದು. ವಿಜ್ಞಾನವೇ ಓದಿರಬೇಕೆಂದಿಲ್ಲ, ಬಿ.ಎ. ಆದವರಿಗೂ ಬಾಗಿಲು ತೆರೆದಿದೆ. ಮೊದಲ ಮೆಟ್ಟಿಲಲ್ಲಿ ವಿಮೆಯ ತತ್ವಗಳು, ಜೀವ ವಿಮೆಯ ವ್ಯವಹಾರ, ವಿಮಾ ನಿಯಂತ್ರಣದ ಕಾನೂನು ಎಂಬ ವಿಷಯಗಳನ್ನು ಓದಬಹುದು. ಮುಂದೆ ಜೀವ ವಿಮೆಯ ಅಂಡರ್‌ರೈಟಿಂಗಿಗೇ ಒಂದು ಪತ್ರಿಕೆ ಇದೆ, ಅದರ ಸಂಕೇತ ಐಸಿ 22. ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದು, ಆದ್ದರಿಂದ ಹೆಣ್ಣುಮಕ್ಕಳನ್ನು ದೂರದ ಊರಿಗೆ ಕಳಿಸುವುದು ಹೇಗೆಂಬ ನೆಪವೂ ಇಲ್ಲಿ ನಡೆಯುವುದಿಲ್ಲ. ಅಮೆರಿಕದಲ್ಲಿ ಇದಕ್ಕೆಂದೇ ಅಕಾಡೆಮಿ ಆಫ್ ಲೈಫ್ ಅಂಡರ್‌ರೈಟಿಂಗ್ ಇದೆ, ಅದರ ಫೆಲೋ ಪದವಿಗೆ ಆ ದೇಶದಲ್ಲಿ ಬೆಲೆ ಇದೆ. ಒಂದು ಎಚ್ಚರಿಕೆ: ಅಲ್ಲಿ ಏಜೆಂಟರನ್ನೂ ಹಿಂದೆ ಲೈಫ್ ಅಂಡರ್‌ರೈಟರ್ ಎಂದೇ ಕರೆಯುತ್ತಿದ್ದರು. 1927ರಲ್ಲಿ ಸಾಲಮನ್ ಹ್ಯೂಬ್ನರ್ ಸ್ಥಾಪಿಸಿದ ಕಾಲೇಜಿನ ಪದವಿಯಲ್ಲಿ ಆ ಪದವಿದ್ದರೂ ಅದು ಮಾರುವವರ ವಿದ್ಯೆ. ಹೆಸರು ನೋಡಿ ಶುಲ್ಕ ಕಟ್ಟಬೇಡಿ.

ಬರೀ ಪ್ರಮಾಣಪತ್ರ ಹಿಡಿದವರಿಗೆ ಮರುದಿನವೇ ನೌಕರಿ ಸಿಗುತ್ತದೆಂದು ನಾವು ಆಸೆ ಹುಟ್ಟಿಸುವುದಿಲ್ಲ. ವಿಮಾ ಸಂಸ್ಥೆಯ ಗುಮಾಸ್ತನ ಮೇಜಿನಿಂದಲೋ ಪರಿಹಾರ ವಿಭಾಗದಿಂದಲೋ ಆರಂಭಿಸಿ, ಓದುತ್ತ ಓದುತ್ತ ಆ ಕುರ್ಚಿಗೆ ಬಂದವರೇ ಹೆಚ್ಚು. ಇನ್ನೊಂದು ಕಷ್ಟವೂ ಇದೆ. ಏಜೆಂಟರ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಈ ಪರೀಕ್ಷೆಯನ್ನು ಬರೆಯಲಾಗದು, ಇಂಗ್ಲಿಷ್ ಅಥವಾ ಹಿಂದಿಯನ್ನೇ ಆಶ್ರಯಿಸಬೇಕು. ವಿಮೆಯನ್ನು ಮಾರಲು ಕನ್ನಡ ಸಾಕು, ತೂಗಲು ಸಾಲದು ಎಂಬ ಈ ಏರ್ಪಾಡಿನ ಕುರಿತು ಕನ್ನಡ ಸಂಘಟನೆಗಳು ಒಂದು ಮನವಿಯನ್ನಾದರೂ ಬರೆಯಬೇಕಿತ್ತು.

ಮೊದಲ ಮೆಟ್ಟಿಲಿನ ಮೂರು ಪುಸ್ತಕಗಳನ್ನು ತಂದು ಈ ಮೇಜಿನ ಮೇಲೆ ಇಟ್ಟಿದ್ದೇವೆ. ಅವು ಇಲ್ಲೇ ಉಳಿಯುತ್ತವೆ, ಓದುವವರು ಮಸೀದಿಯ ಕಾರ್ಯದರ್ಶಿಯವರ ಬಳಿ ಹೆಸರು ಬರೆಸಿ ಒಯ್ಯಬಹುದು. ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದ ಅರ್ಥ ಬರೆದಿದ್ದೇವೆ, ತಪ್ಪಿದ್ದರೆ ತಿದ್ದಿರಿ. ಜೊತೆಗೆ ಒಂದು ಖಾಲಿ ಅರ್ಜಿ ನಮೂನೆಯೂ ಇದೆ. ಮನೆಯಲ್ಲಿ ಪಾಲಿಸಿ ಇರುವವರು ನಾಳೆ ಅದರ ಪ್ರತಿಯನ್ನು ತೆಗೆದು, ಆರೋಗ್ಯದ ಪ್ರಶ್ನೆಗಳಿರುವ ಪುಟದಲ್ಲಿ ತಮ್ಮ ಹೆಸರಿನಲ್ಲಿ ಏನು ಬರೆಯಲಾಗಿದೆಯೆಂದು ನೋಡಿರಿ. ಗುಡಗೇರಿ ನಿಲ್ದಾಣಕ್ಕೆ ನಮ್ಮ ರೈಲು ಬರಲು ಇನ್ನೂ ಸ್ವಲ್ಪ ಹೊತ್ತಿದೆ. ಪ್ರಶ್ನೆಗಳಿದ್ದರೆ ಕೇಳಬಹುದು.